ಆಕಾಶಕ್ಕೂ ಒಂದು ಎಲ್ಲೆ

ಎಲ್ಲೆಯೆಂಬ ಮಾತು ನಮಗೆ ಹೊಸದಲ್ಲ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹೀಗೆ ತಲೆಮಾರುಗಳಿಂದ ಬಾಳಿ ಬಂದ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಜನ ನಾವು. ನೆಲದ ಎಲ್ಲೆಯ ವಾದವಿವಾದಗಳನ್ನು ಕೇಳುತ್ತಲೇ ಬೆಳೆದವರು. ಆದರೆ ಆಕಾಶಕ್ಕೂ ಎಲ್ಲೆಯುಂಟೆಂಬುದನ್ನು ನಮ್ಮ ಊರು ಕಲಿತದ್ದು ಒಂದು ಚಿಮಣಿಯ ಪ್ರಸಂಗದಿಂದ.

ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿಯೇ ಶ್ರೀ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬನ್ನು ನುರಿಸಿದ ಮೇಲೆ ಉಳಿಯುವ ಸಿಪ್ಪೆಯನ್ನು ಉರಿಸಿ ಉಗಿ ಮಾಡಿ, ಆ ಉಗಿಯಿಂದ ವಿದ್ಯುತ್ತನ್ನು ಪಡೆಯುವ ಘಟಕವನ್ನು ಅಲ್ಲಿ ಕಟ್ಟಿದರು. ಕಸವೆಂದು ಎಸೆಯುವುದರಿಂದ ಬೆಳಕು ಬರುವುದಾದರೆ ಅದಕ್ಕಿಂತ ಒಳ್ಳೆಯದೇನು? ಆದರೆ ಘಟಕಕ್ಕೆ ಚಿಮಣಿ ಬೇಕು. ಹೊಗೆ ಊರಿನ ಮೇಲೆ ಕವಿಯದಿರಲು ಚಿಮಣಿ ಎತ್ತರವಾಗಿರಬೇಕು. ಹೀಗೆ ಸುಮಾರು 90 ಮೀಟರಿನ ಚಿಮಣಿ ಎದ್ದು ನಿಂತಿತು. ನೆಲದ ಮೇಲಿನವನಿಗೆ ಹಿತವಾದ ಆ ಎತ್ತರವೇ ಮೇಲೆ ಹಾರುವವನಿಗೆ ಅಡ್ಡಿಯಾಯಿತು.

ವಿಮಾನವೆಂದರೆ ಓಣಿಯ ಮೂಲೆಯಲ್ಲಿ ಥಟ್ಟನೆ ತಿರುಗುವ ಎತ್ತಿನ ಬಂಡಿಯಲ್ಲ. ಅದು ಸಾಮಾನ್ಯವಾಗಿ 3 ಡಿಗ್ರಿಯಷ್ಟು ಇಳಿಜಾರಿನಲ್ಲಿ ಮೆಲ್ಲನೆ ಕೆಳಗಿಳಿಯುತ್ತದೆ. ನೆಲ ಮುಟ್ಟುವ ತಾಣಕ್ಕೆ 1 ಕಿಲೋಮೀಟರು ಉಳಿದಾಗ ಅದರ ಎತ್ತರ ಸುಮಾರು 50 ಮೀಟರು ಮಾತ್ರ. ನೆಲ ಮುಟ್ಟಲು ಒಂದೂಮುಕ್ಕಾಲು ಕಿಲೋಮೀಟರು ಉಳಿದಿರುವ ವಿಮಾನವೂ 90 ಮೀಟರಿನ ಚಿಮಣಿಯ ತುದಿಯೂ ಒಂದೇ ಎತ್ತರದಲ್ಲಿರುತ್ತವೆ. ಆದುದರಿಂದಲೇ ದೊಡ್ಡ ರನ್‌ವೇಗಳ ಸುತ್ತ 4 ಕಿಲೋಮೀಟರಿನವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರು ಮೇಲೆ, ಕಾಣದ ಚಪ್ಪರವೊಂದನ್ನು ಹಾಕಿದಂತೆ ಅಂತರರಾಷ್ಟ್ರೀಯ ನಿಯಮ ಎಲ್ಲೆಯನ್ನು ಗೊತ್ತುಮಾಡಿದೆ.

ಚಿಮಣಿ ಗಿಡ್ಡದಾದರೆ ಎಲ್ಲವೂ ಮುಗಿಯಿತೆಂದಲ್ಲ. ವಿದ್ಯುತ್ ಘಟಕದ ಕಾದ ಗಾಳಿ ಕಣ್ಣಿಗೆ ಕಾಣದೆ ರಭಸದಿಂದ ಮೇಲೇಳುತ್ತದೆ. ಇಳಿಯುವ ಹೊತ್ತಿನಲ್ಲಿ ವಿಮಾನದ ವೇಗ ಕಡಿಮೆ, ಎತ್ತರವೂ ಕಡಿಮೆ; ಸಣ್ಣ ವಿಮಾನದ ಒಂದು ರೆಕ್ಕೆಗೆ ಆ ಗಾಳಿ ತಗುಲಿದರೆ ಸಾವರಿಸಿಕೊಳ್ಳಲು ವೇಳೆಯೂ ಸಾಲದು, ಸ್ಥಳವೂ ಸಾಲದು. ಮೇಲೇಳುವ ಗಾಳಿಯ ವೇಗ ಸೆಕೆಂಡಿಗೆ 4.3 ಮೀಟರು ದಾಟುವಂತಿದ್ದರೆ ಪರೀಕ್ಷಿಸಬೇಕೆಂಬ ಅಳತೆಯನ್ನು ಆಸ್ಟ್ರೇಲಿಯದ ವಿಮಾನಯಾನ ಸುರಕ್ಷತಾ ಪ್ರಾಧಿಕಾರ ಬಳಸಿತು. ಅಮೆರಿಕದ ಪ್ರಾಧಿಕಾರವು, ಇಂತಹ ಚಿಮಣಿಗಳನ್ನು ಕಂಡರೆ ಗಾಳಿ ಬೀಸುವ ಕಡೆಯ ಪಕ್ಕದಿಂದಲೇ ದಾಟಿರೆಂದು ವೈಮಾನಿಕರಿಗೆ ಬುದ್ಧಿ ಹೇಳಿದೆ.

ಇಷ್ಟೆಲ್ಲ ಶಾಸ್ತ್ರ ನಮ್ಮ ಊರಿನ ಜಗಳದಲ್ಲಿ ಯಾರಿಗೆ ಬೇಕಾಗಿತ್ತು! ನಮ್ಮ ಮನೆಯಲ್ಲಿಯೇ ಎರಡು ಪಕ್ಷ. ಸೋದರಮಾವ ಕಬ್ಬಿನ ರೈತರು. ತಮ್ಮನದು ಚಾದರದ ವ್ಯಾಪಾರ. “ವಿಮಾನ ಹತ್ತವರು ಎಷ್ಟ ಮಂದಿ, ಕಬ್ಬ ಕಳಸವರು ಎಷ್ಟ ಮಂದಿ, ನೀನ ಎಣಿಸಿ ಹೇಳಪಾ” ಎಂದು ಮಾವ. “ವಿಮಾನ ಬಂದರ ಊರಿಗೆ ಕೆಲಸ ಬರತಾವ ಮಾಮಾ, ನಿಮ್ಮ ಮೊಮ್ಮಕ್ಕಳು ಪುಣೆಗೆ ಯಾಕ ಹೋಗಬೇಕು?” ಎಂದು ತಮ್ಮ. ಇಬ್ಬರ ಮಾತೂ ಸುಳ್ಳಲ್ಲ. ಆಗ ಊಟಕ್ಕೆ ಕುಳಿತರೆ ಚಿಮಣಿಯ ಮಾತನ್ನು ತೆಗೆಯಬಾರದೆಂದು ನಮ್ಮ ತಾಯಿಯವರು ಕಟ್ಟಳೆ ಮಾಡಿದ್ದರು.

ಪ್ರಕರಣ ನ್ಯಾಯಾಲಯಗಳ ಮೆಟ್ಟಿಲೇರಿತು. ಬೋರಾಮಣಿಯಲ್ಲಿ ಹೊಸ ನಿಲ್ದಾಣ ಕಟ್ಟಲಿ, ಕಾರ್ಖಾನೆಯನ್ನು ಬಿಡಲಿ ಎಂದರು ಕೆಲವರು. ಕೊನೆಗೆ 2023ರ ಜೂನ್ 15ರಂದು ಸ್ಫೋಟಕಗಳನ್ನಿಟ್ಟು ಚಿಮಣಿಯನ್ನು ಕೆಡವಲಾಯಿತು. ವರ್ಷಗಳ ಬಂಡವಾಳ ಕೆಲವೇ ಕ್ಷಣಗಳಲ್ಲಿ ಧೂಳಾಯಿತು. ಆ ಸಂಜೆ ಮಾವ ಊಟ ಮಾಡಲಿಲ್ಲ. ತಮ್ಮನೂ ಗೆದ್ದವನಂತೆ ಕಾಣಲಿಲ್ಲ. 2024ರ ಸೆಪ್ಟೆಂಬರ್ 29ರಂದು ಪ್ರಧಾನಿಯವರು ನಿಲ್ದಾಣವನ್ನು ಉದ್ಘಾಟಿಸಿದರು. 2025ರ ಜೂನ್ 9ರಂದು ಗೋವೆಗೆ ವಿಮಾನ ಹಾರಿತು. ಅದನ್ನು ಕಂಡು ನನಗೂ ಸಂತೋಷವಾಯಿತೆನ್ನಬೇಕು. ಆದರೆ ಆ ಸಂತೋಷದ ಬೆಲೆಯ ಒಂದು ಪಾಲನ್ನು ಹಾರದವರೂ ತೆತ್ತಿದ್ದಾರೆಂಬುದನ್ನು ಮರೆಯಲಾಗದು.

ವಿದ್ಯುತ್ತಿಗೂ ವಿಮಾನಕ್ಕೂ ಹುಟ್ಟು ವೈರವೇನಿಲ್ಲ. ಕೊಚ್ಚಿಯ ವಿಮಾನ ನಿಲ್ದಾಣವು 2015ರ ಆಗಸ್ಟ್ 18ರಂದು ತನ್ನ ಆವರಣದಲ್ಲಿಯೇ 12 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರವನ್ನು ತೆರೆದು, ಪೂರ್ತಿ ಸೂರ್ಯಶಕ್ತಿಯಿಂದಲೇ ನಡೆಯುವ ಜಗತ್ತಿನ ಮೊದಲ ನಿಲ್ದಾಣವೆನಿಸಿತು. ಅಲ್ಲಿ ಚಿಮಣಿಯಿಲ್ಲ, ಹೊಗೆಯಿಲ್ಲ. ಹಲಗೆಗಳ ಹೊಳಪು ವೈಮಾನಿಕನ ಕಣ್ಣು ಕುಕ್ಕದಂತೆ ನೋಡಿಕೊಂಡರಾಯಿತು. ಸಕ್ಕರೆ ಕಾರ್ಖಾನೆಗೆ ಆ ದಾರಿಯಿಲ್ಲ ನಿಜ. ಅದಕ್ಕೆ ಬೆಂಕಿಯೂ ಬೇಕು, ಉಗಿಯೂ ಬೇಕು. ಆದರೆ ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ ಕಟ್ಟಬೇಕೆಂಬ ಪ್ರಶ್ನೆಗಳು ಎರಡಕ್ಕೂ ಒಂದೇ. ನಮ್ಮ ದೇಶದಲ್ಲಿ 2015ರ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ ಎತ್ತರದ ಕಟ್ಟಡಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಅಡಿಪಾಯಕ್ಕಿಂತ ಮೊದಲಿನ ಮಾತು. ಚಿಮಣಿ ಎದ್ದ ಮೇಲಿನದಲ್ಲ.

ಸೊನ್ನಲಿಗೆಯ ಸಿದ್ಧರಾಮರು 12ನೆಯ ಶತಮಾನದಲ್ಲಿ ಈ ಊರಿಗೆ ಕೆರೆಯನ್ನು ಕಟ್ಟಿಸಿದರು. ಕೆರೆ ಕಟ್ಟುವವನು ಮೊದಲು ನೀರು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ನೋಡುತ್ತಾನೆ. ಕಲ್ಲು ಹೊರಿಸುವುದು ಆಮೇಲೆ. ಅವರ ಹೆಸರನ್ನೇ ಹೊತ್ತ ಕಾರ್ಖಾನೆಯ ರೈತರು ನೆಟ್ಟಗೆ ಬಾಳಲಿ, ವಿಮಾನಗಳೂ ನೆಮ್ಮದಿಯಾಗಿ ಇಳಿಯಲಿ. ನಾಳೆ ನಿಮ್ಮ ಊರಿನ ಬಳಿಯೂ ಹೊಸ ಘಟಕವೋ ಹೊಸ ನಿಲ್ದಾಣವೋ ಬರಬಹುದು. ಆಗ ಸಭೆಯಲ್ಲಿ ಎದ್ದು ನಿಂತು, ಇದರ ಮೇಲಿನ ಆಕಾಶ ಯಾರದೆಂದು ಒಂದು ಮಾತು ಕೇಳಿರಿ. ಕೇಳುವುದಕ್ಕೆ ಖರ್ಚಿಲ್ಲ; ಕೇಳದಿದ್ದುದಕ್ಕೆ ನಮ್ಮ ಊರು ತೆತ್ತದ್ದು ಬಹಳ.