ಅಮ್ಮನಿಗಿಂತ ಮೊದಲು ಈ ಮಾತ್ರೆ ನುಂಗಿದವರು

ನಮ್ಮ ಊರ ಕಡೆ ‘ಪ್ರಯೋಗ’ ಅಂದರೆ ಜನರಿಗೆ ನೆನಪಾಗುವುದು ಎರಡೇ. ಒಂದು ಮಾಟ, ಇನ್ನೊಂದು ಇಲಿ. ಪಟ್ಟಣದ ಆಸ್ಪತ್ರೆಯಲ್ಲಿ ಯಾರಾದರೂ ‘ಔಷಧಿ ಪ್ರಯೋಗಕ್ಕೆ ಸೇರ್ತೀರಾ’ ಅಂತ ಕೇಳಿದರೆ, ‘ನಮ್ಮನ್ನೇನು ಇಲಿ ಅಂದ್ಕೊಂಡ್ರಾ?’ ಅನ್ನುತ್ತೇವೆ. ಆ ಭಯಕ್ಕೆ ಕಾರಣವಿದೆ. ಆದರೆ ನಾವು ದಿನಾ ನುಂಗುವ ಮಾತ್ರೆಯನ್ನು ನಮಗಿಂತ ಮೊದಲು ಯಾರೋ ನುಂಗಿ ನೋಡಿದ್ದಾರೆ ಅನ್ನುವುದೂ ನಿಜ.

ಅಮ್ಮನಿಗೆ 11 ವರ್ಷದಿಂದ ಸಕ್ಕರೆ ಕಾಯಿಲೆ. ಕಳೆದ ವರ್ಷ ಮೂತ್ರ ಪರೀಕ್ಷೆ ಮಾಡಿಸಿದಾಗ ಪ್ರೋಟೀನ್ ಸೋರುತ್ತಿರುವುದು ಗೊತ್ತಾಯಿತು. ನೋವಿರಲಿಲ್ಲ, ಕಾಲು ಊದಿರಲಿಲ್ಲ. ಕಿಡ್ನಿ ಹಾಗೆಯೇ, ಸದ್ದಿಲ್ಲದೆ ಕೆಡುತ್ತದೆ. ಡಾಕ್ಟರು ಹಳೆಯ ಮಾತ್ರೆಗಳ ಜೊತೆ ಡಾಪಾಗ್ಲಿಫ್ಲೋಜಿನ್ ಬರೆದರು. ‘ಇದು ಸಕ್ಕರೆ ಮಾತ್ರೆಯೇ, ಆದರೆ ಕಿಡ್ನಿ, ಹೃದಯವನ್ನೂ ಕಾಯುತ್ತೆ’ ಅಂದರು. ‘ಅದು ನಿಮಗೆ ಹೆಂಗೆ ಗೊತ್ತಾಯ್ತು?’ ಅಂತ ಅಮ್ಮ ಕೇಳಿದರು.

ಆ ಪ್ರಶ್ನೆಗೆ ಉತ್ತರ ಹುಡುಕಿ ಓದಿದೆ. ಈ ಮಾತ್ರೆ ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿಯ ಸೋಸುವ ಭಾಗದ ಮೇಲಿನ ಒತ್ತಡವೂ ಇಳಿಯುತ್ತದೆ. ಅದನ್ನು ಪರೀಕ್ಷಿಸಲು ಭಾರತವೂ ಸೇರಿ 21 ದೇಶಗಳಲ್ಲಿ ‘ಡಾಪಾ-ಸಿಕೆಡಿ’ ಎಂಬ ಅಧ್ಯಯನ ನಡೆಯಿತು. ಕಿಡ್ನಿ ಕಾಯಿಲೆಯಿದ್ದ 4304 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಮುಂದುವರಿಯಿತು. ಜೊತೆಗೆ ಒಂದು ಪಾಲಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದೇ ರೀತಿ ಕಾಣುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

2020ರಲ್ಲಿ ಫಲಿತಾಂಶ ಬಂತು. ಕಿಡ್ನಿ ಶಕ್ತಿ ಅರ್ಧಕ್ಕಿಂತ ಕುಸಿದವರು, ಕಿಡ್ನಿ ಪೂರ್ತಿ ಕೈಕೊಟ್ಟವರು, ಕಿಡ್ನಿ ಅಥವಾ ಹೃದಯದ ಕಾಯಿಲೆಯಿಂದ ಸತ್ತವರು, ಇವರೆಲ್ಲ ಸೇರಿ ಔಷಧಿಯಿಲ್ಲದ ಪಾಲಿನಲ್ಲಿ 312, ಔಷಧಿಯ ಪಾಲಿನಲ್ಲಿ 197. ವ್ಯತ್ಯಾಸ ಇಷ್ಟು ಸ್ಪಷ್ಟವಿದ್ದದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಲೆಕ್ಕ ಹೇಳಿದಾಗ ಅಮ್ಮ ಆ 312 ಜನರ ಬಗ್ಗೆಯೇ ಕೇಳಿದರು. ‘ಪಾಪ, ಅವರೂ ನಂಬಿಯೇ ನುಂಗಿರ್ತಾರೆ’ ಅಂದರು.

ಈಚೆಗೆ ನಮ್ಮ ಚಿಕ್ಕಪ್ಪನನ್ನೂ ಒಂದು ಆಸ್ಪತ್ರೆಯವರು ಇಂಥ ಅಧ್ಯಯನಕ್ಕೆ ಕರೆದರು. ಕನ್ನಡದಲ್ಲೇ ಇದ್ದ ಒಪ್ಪಿಗೆ ಪತ್ರವನ್ನು ಮನೆಗೆ ತಂದು ಇಬ್ಬರೂ ಓದಿದೆವು. ಪದೇ ಪದೇ ಹೋಗಿಬರುವ ದಿನ ಹಸು ನೋಡಿಕೊಳ್ಳುವವರಿಲ್ಲ ಅಂತ ಅವರು ಬೇಡವೆಂದರು. ಅವರ ಚಿಕಿತ್ಸೆ ಎಂದಿನಂತೆ ನಡೆದಿದೆ. ಅದು ಹಾಗೆಯೇ ಇರಬೇಕು. 2019ರ ನಿಯಮಗಳ ಪ್ರಕಾರ ನಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರ ಪರವಾಗಿ ಸಾಕ್ಷಿ ಇರಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು.

ನಿಮ್ಮನ್ನು ಕರೆದರೆ ತಕ್ಷಣ ಹೆಬ್ಬೆಟ್ಟು ಒತ್ತಬೇಡಿ, ತಕ್ಷಣ ಬೈಯಲೂ ಬೇಡಿ. ಕಾಗದ ಮನೆಗೆ ತನ್ನಿ. ಯಾವ ಔಷಧಿ, ಎಷ್ಟು ಸಲ ಬರಬೇಕು, ಬಸ್ ಚಾರ್ಜು ಯಾರದು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ. ಆಮೇಲೆ ಹೂಂ ಅಥವಾ ಊಹೂಂ ಅನ್ನಿ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಅಮ್ಮನ ಮಾತ್ರೆಯ ಹೆಸರು ಓದಿದಿರಿ ಅಂತ ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಅದು ಎಲ್ಲರಿಗೂ ಆಗಿಬರುವುದಿಲ್ಲ, ಡಾಕ್ಟರನ್ನೇ ಕೇಳಿ.