ನೆಟ್‌ವರ್ಕ್ ಮಾರ್ಕೆಟಿಂಗ್: ತಡೆಯುವುದು ನಾಚಿಕೆಯೇ, ಲೆಕ್ಕವೇ?

ಹಲಾಲ್ ಸಂಪಾದನೆಗಾಗಿ ಬೆವರು ಸುರಿಸುವುದು ಸತ್ಯವಿಶ್ವಾಸಿಗೆ ಬರಿಯ ಹೊಟ್ಟೆಪಾಡಲ್ಲ, ಆರಾಧನೆಯೂ ಹೌದು. ಪ್ರವಾದಿ ಮುಹಮ್ಮದ್(ಸ) ಪ್ರವಾದಿತ್ವಕ್ಕೆ ಮುನ್ನ ಖದೀಜಾ(ರ)ರ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದು ಮಾರಿ ಬಂದವರು. ಮಕ್ಕಾದ ಜನರು ಅವರನ್ನು ‘ಅಲ್ ಅಮೀನ್’ ಎಂದು ಕರೆದರು. ಆದ್ದರಿಂದ ನಮ್ಮ ಯುವಕರೂ ಗೃಹಿಣಿಯರೂ ವ್ಯಾಪಾರಕ್ಕೆ ಇಳಿಯುವುದು ಸಂತಸದ ವಿಷಯವೇ. ಆದರೆ ಇಳಿದವರಲ್ಲಿ ಬಹಳ ಮಂದಿ ಸಾಲದೊಂದಿಗೆ, ಅದಕ್ಕಿಂತಲೂ ಭಾರವಾದ ಕೀಳರಿಮೆಯೊಂದಿಗೆ ಮರಳಿ ಬರುವ ಒಂದು ಕ್ಷೇತ್ರವಿದೆ. ಅದುವೇ ನೆಟ್‌ವರ್ಕ್ ಮಾರ್ಕೆಟಿಂಗ್.

ಮದ್ರಸದಲ್ಲಿ ನನ್ನ ಬಳಿ ಕಲಿತ ಯುವಕನೊಬ್ಬ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಇಂತಹ ಒಂದು ಕಂಪೆನಿಗೆ ಸೇರಿದ್ದ. ಆರೋಗ್ಯದ ಪುಡಿ, ಸಾಬೂನು, ಎಣ್ಣೆಗಳು ಮನೆಯ ಕಪಾಟಿನ ತುಂಬ ಇದ್ದವು. ಮುಂದಿನ ದರ್ಜೆಗೇರಲು ಬೇಕಾದ ಖರೀದಿಗಾಗಿ ತಂಗಿಯ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದ. “ಉಸ್ತಾದ್, ನನ್ನಲ್ಲೇ ಏನೋ ಕೊರತೆಯಿದೆ. ಜನರನ್ನು ಕೇಳಲು ನಾಚಿಕೆಯಾಗುತ್ತದೆ. ನಾಚಿಕೆ ಬಿಟ್ಟರೆ ಗೆಲ್ಲುತ್ತೀ ಎಂದು ನನ್ನನ್ನು ಸೇರಿಸಿದವರು ಹೇಳುತ್ತಾರೆ” ಎಂದ. ಈ ಮಾತನ್ನು ನಾನು ಅನೇಕರ ಬಾಯಿಂದ ಕೇಳಿದ್ದೇನೆ. ಗೆದ್ದರೆ ಯೋಜನೆಯ ಹಿರಿಮೆ, ಸೋತರೆ ನಿನ್ನ ದೋಷ. ಸಭೆಗಳಲ್ಲಿ ಅವರಿಗೆ ಕಲಿಸುವ ಪಾಠದ ಸಾರ ಇಷ್ಟೇ.

ಈ ಪಾಠದಲ್ಲಿ ಸತ್ಯವೇ ಇಲ್ಲವೆಂದಲ್ಲ. ಮಾರುವ ವಸ್ತುವಿನ ಗುಣ ತಿಳಿಯದಿರುವುದು, ಕೊಂಡವರನ್ನು ಮತ್ತೆ ವಿಚಾರಿಸದಿರುವುದು, ಲೆಕ್ಕ ಬರೆದಿಡದಿರುವುದು ಯಾವ ವ್ಯಾಪಾರವನ್ನೂ ಕೆಡಿಸುತ್ತವೆ. ಬಂದ ಕಮಿಷನ್ನನ್ನು ಎಣಿಸುವವರು ಬಸ್ಸಿನ ಖರ್ಚು, ಸಭೆಗಳ ಶುಲ್ಕ, ದರ್ಜೆಗಾಗಿ ತಾವೇ ಕೊಂಡ ಸರಕಿನ ಬೆಲೆಯನ್ನು ಕಳೆಯುವುದಿಲ್ಲ. ಆದರೆ ಪರಿಶ್ರಮಿಗಳೂ ಏಕೆ ಸೋಲುತ್ತಾರೆ?

ಹಿರಿಯ ತರಗತಿಯ ಮಕ್ಕಳೊಂದಿಗೆ ಒಮ್ಮೆ ಕಪ್ಪುಹಲಗೆಯ ಮೇಲೆ ಈ ಲೆಕ್ಕ ಮಾಡಿದೆ. ಒಬ್ಬನು ಐವರನ್ನು ಸೇರಿಸಲಿ. ಅವರಲ್ಲಿ ಪ್ರತಿಯೊಬ್ಬರೂ ಮತ್ತೆ ಐವರನ್ನು ಸೇರಿಸಲಿ. ಮೊದಲ ಹಂತದಲ್ಲಿ 5, ಎರಡನೆಯದರಲ್ಲಿ 25, ಮೂರನೆಯದರಲ್ಲಿ 125. ಹನ್ನೊಂದನೆಯ ಹಂತವೊಂದರಲ್ಲೇ 4,88,28,125 ಮಂದಿ. ಹನ್ನೊಂದೂ ಹಂತಗಳನ್ನು ಕೂಡಿಸಿದರೆ 6,10,35,155. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಅಂದರೆ ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದ ವೃದ್ಧರವರೆಗೆ ಇಡೀ ರಾಜ್ಯವೇ ಸೇರಿದರೂ ಹನ್ನೆರಡನೆಯ ಹಂತಕ್ಕೆ ಜನರಿಲ್ಲ. ಕೊನೆಯ ಹಂತದವರು ಒಟ್ಟು ಜನರ ಐದರಲ್ಲಿ ನಾಲ್ಕು ಪಾಲು. ಅವರ ಕೆಳಗೆ ಯಾರೂ ಇಲ್ಲ. ಸರಪಳಿ ಇನ್ನೂ ಮೊದಲೇ ತುಂಡಾದರೂ ಈ ಪಾಲು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಈ ನಾಲ್ಕು ಪಾಲು ಜನರೆಲ್ಲ ಸೋಮಾರಿಗಳೆನ್ನಲು ಸಾಧ್ಯವೇ? ಜನರನ್ನು ಸೇರಿಸುವುದರಿಂದಲೇ ಲಾಭ ಬರುವ ವ್ಯವಸ್ಥೆಯಲ್ಲಿ ಬಹುಮಂದಿಯ ಸೋಲು ಮೊದಲೇ ನಿಶ್ಚಿತವಾಗಿರುತ್ತದೆ.

ಎರಡನೆಯ ತಡೆ ನಮ್ಮ ಸಮಾಜದ ಒಳಗೇ ಇದೆ. ಅದರ ಹೆಸರು ದಾಕ್ಷಿಣ್ಯ. ನಾನು ಆ ಯುವಕನಿಗೆ ತನ್ನಿಂದ ಕೊಂಡವರ ಹೆಸರುಗಳನ್ನು ಬರೆಯಲು ಹೇಳಿದೆ. ನಲವತ್ತಕ್ಕೂ ಹೆಚ್ಚು ಹೆಸರುಗಳಾದವು. ಅವರಲ್ಲಿ ತಾವಾಗಿಯೇ ಎರಡನೆಯ ಬಾರಿ ಕೇಳಿಕೊಂಡು ಬಂದವರಿಗೆ ಗುರುತು ಹಾಕು ಎಂದೆ. ಮೂರು ಗುರುತುಗಳು ಬಿದ್ದವು. ಉಳಿದವರು ಚಿಕ್ಕಮ್ಮ, ಮಾವ, ಭಾವ, ನೆರೆಯವರು. ಅವರು ಕೊಂಡದ್ದು ಪುಡಿಯನ್ನಲ್ಲ; ಅವನ ಮುಖ ನೋಡಿ ಹಣ ಕೊಟ್ಟಿದ್ದರು. ದಾಕ್ಷಿಣ್ಯದ ಗಿರಾಕಿ ಒಮ್ಮೆ ಮಾತ್ರ ಕೊಳ್ಳುತ್ತಾನೆ; ಎರಡನೆಯ ಬಾರಿ ನಾವು ಬರುವುದನ್ನು ಕಂಡರೆ ಬಾಗಿಲ ಮರೆಗೆ ಸರಿಯುತ್ತಾನೆ.

ವ್ಯಾಪಾರವು ಪರಸ್ಪರ ಸಮ್ಮತಿಯಿಂದ ನಡೆಯಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ ಬೋಧನೆ. ಬಾಯಲ್ಲಿ ‘ಸರಿ’ ಎಂದು ಮನಸ್ಸಿನಲ್ಲಿ ಮರುಗುವವನ ಸಮ್ಮತಿ ಸಮ್ಮತಿಯೇ? ಚಿಕ್ಕಮ್ಮನ ಮುಂದೆ ಪೆಟ್ಟಿಗೆ ತೆರೆಯುವಾಗ ಆ ಯುವಕನಿಗಾದ ನಾಚಿಕೆಯನ್ನು ದೌರ್ಬಲ್ಯವೆಂದು ಹೇಗೆ ಕರೆಯಲಿ? ಲಜ್ಜೆಯು ವಿಶ್ವಾಸದ ಭಾಗವೆಂದು ಕಲಿತವರು ನಾವು. ಕುಟುಂಬ ಸಂಬಂಧ ಎಂಬ ಅಮಾನತನ್ನು ಕಮಿಷನ್ನಿಗೆ ಮಾರಲು ಅವನ ಮನಸ್ಸಾಕ್ಷಿ ಒಪ್ಪಲಿಲ್ಲ. ಅದು ಅವನ ಸೋಲಲ್ಲ, ಅವನ ಈಮಾನಿನ ಲಕ್ಷಣ.

ಇದು ದಲ್ಲಾಳಿ ಕೆಲಸದಂತೆಯೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ದಲ್ಲಾಳಿಗೆ ಸರಕು ಮಾರಾಟವಾದಾಗ ಕೂಲಿ ಸಿಗುತ್ತದೆ. ಮಾರುವ ಅವಕಾಶಕ್ಕಾಗಿ ಅವನೇ ಹಣ ಕಟ್ಟುವುದಿಲ್ಲ. ಸರಕು ನೆಪವಾಗಿ, ಕಮಿಷನ್ನೇ ಗುರಿಯಾದಾಗ ಅದರಲ್ಲಿ ಅನಿಶ್ಚಿತತೆಯೂ ವಂಚನೆಯೂ ಸೇರುತ್ತವೆಯೆಂದು ಸೌದಿ ಅರೇಬಿಯಾದ ಫತ್ವಾ ಸ್ಥಾಯಿ ಸಮಿತಿಯು ತೀರ್ಪು ನೀಡಿದೆ. ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಹಣ ಚಲಾವಣೆಯ ಯೋಜನೆಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ತಡೆಯುವುದಲ್ಲದೆ, ಗುರುತಿನ ಚೀಟಿಯಿಲ್ಲದೆ, ಮುಂಚಿತ ಒಪ್ಪಿಗೆಯಿಲ್ಲದೆ ಗ್ರಾಹಕನ ಮನೆಗೆ ಹೋಗಬಾರದೆಂದೂ ಹೇಳುತ್ತವೆ.

ಆದ್ದರಿಂದ ಸೇರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಾನು ಯಾರನ್ನೂ ಸೇರಿಸದಿದ್ದರೂ ಮಾರಾಟದಿಂದಲೇ ನನಗೆ ಆದಾಯವಿದೆಯೇ? ಇದೇ ವಸ್ತುವನ್ನು ಇದೇ ಬೆಲೆಗೆ ನನ್ನ ಪರಿಚಯವೇ ಇಲ್ಲದವರು ಕೊಳ್ಳುವರೇ? ಉಳಿದ ಸರಕನ್ನು ಕಂಪೆನಿ ಮರಳಿ ಪಡೆಯುವುದೇ? ಮೂರಕ್ಕೂ ‘ಹೌದು’ ಎಂಬ ಉತ್ತರ ದೊರೆತರೆ ಅಲ್ಲಿ ನಿಮ್ಮ ಶ್ರಮಕ್ಕೆ ಅರ್ಥವಿರಬಹುದು. ಆಗಲೂ ಬಲ್ಲ ಆಲಿಮರೊಡನೆ ವಿಚಾರಿಸಿ ಮುಂದಡಿಯಿಡಿರಿ. ಒಂದಕ್ಕಾದರೂ ‘ಇಲ್ಲ’ ಎಂದಾದರೆ ದೂರವಿರಿ.

ಈಗಾಗಲೇ ಸೇರಿದವರಿಗೆ ಒಂದು ಮಾತು. ಹೊರಬರಲು ತಡೆಯುವುದು ಕಳೆದುಹೋದ ಹಣದ ಆಸೆ. ಆ ಆಸೆಗಾಗಿ ಮನೆಯ ಇನ್ನೊಂದು ಬಳೆಯನ್ನು ಅಡವಿಡಬೇಡಿರಿ. ಅಡವಿನ ಬಡ್ಡಿ ಇಹದಲ್ಲೂ ಪರದಲ್ಲೂ ಭಾರ. ಹೊರಬಂದ ದಿನವೇ, ನೀವು ಕರೆತಂದವರ ಮನೆಗೆ ಹೋಗಿ ಸತ್ಯವನ್ನು ತಿಳಿಸಿರಿ. ನಿಮ್ಮ ಮಾತನ್ನು ನಂಬಿ ಹಣ ಕಟ್ಟಿದವರ ಹಕ್ಕು ನಿಮ್ಮ ಮೇಲಿದೆ. ಜನರ ಹಕ್ಕುಗಳನ್ನು ಜನರೇ ಕ್ಷಮಿಸಬೇಕು. ನನ್ನ ವಿದ್ಯಾರ್ಥಿ ಮೊದಲು ಹೋದದ್ದು ತನ್ನ ಭಾವನ ಮನೆಗೆ. ಸಭೆಗಳಲ್ಲಿ ನಿಂತು ಮಾತನಾಡುವುದಕ್ಕಿಂತ ಹೆಚ್ಚಿನ ಧೈರ್ಯ ಆ ನಡಿಗೆಗೆ ಬೇಕಾಗಿತ್ತು.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ಅಲ್ಪವಾಗಿದ್ದರೂ ಅದರಲ್ಲಿ ಬರಕತ್ ನೀಡಲಿ. ಆಮೀನ್.