ಗೋಡೆಯ ಮೇಲಿನ ಬಂದೂಕು

ಕಳೆದ ಮಾರ್ಗಶಿರದಲ್ಲಿ ರಾಯಬಾಗ ಸೀಮೆಯ ಭಕ್ತರೊಬ್ಬರು ತಮ್ಮ ಪ್ರವಾಸಿ ವಸತಿಗೃಹದ ಪ್ರಾರಂಭೋತ್ಸವಕ್ಕೆ ಮುಂಚಿತವಾಗಿ ನಮ್ಮನ್ನು ಬರಮಾಡಿಕೊಂಡರು. ಕಟ್ಟಡವೇನೂ ಹೊಸದಲ್ಲ. ಹಿಂದೆ ಬೇಟೆಗೆಂದು ಬರುತ್ತಿದ್ದ ಸಾಹೇಬರಿಗೂ ಸರದಾರರಿಗೂ ಬಿಡಾರವಾಗಿದ್ದು, ಬಹುಕಾಲ ಪಾಳುಬಿದ್ದಿದ್ದ ಕಲ್ಲಿನ ಬಂಗಲೆ. ಭಕ್ತರು ಸಾಗುವಾನಿಯ ತೊಲೆಗಳನ್ನು ಹಸನುಗೊಳಿಸಿ, ಬಿರುಕುಬಿಟ್ಟ ಗೋಡೆಗಳಿಗೆ ಗಚ್ಚು ಕೊಡಿಸಿ, ಹಳೆಯ ಅಂದಕ್ಕೆ ಕುಂದು ಬಾರದಂತೆ ಜೀರ್ಣೋದ್ಧಾರ ಮಾಡಿದ್ದರು. ಅವರ ಶ್ರದ್ಧೆಯನ್ನು ಕಂಡು ನಮಗೆ ಸಂತೋಷವಾಯಿತು.

ನಡುಮನೆಯ ಗೋಡೆಯ ಮೇಲೆ ಒಂದು ಜೋಡುನಳಿಗೆಯ ಬಂದೂಕು. ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಕವುಜುಗದ ಹಕ್ಕಿ. "ಅಪ್ಪನವರೇ, ಇದೇ ಈ ಮನೆಯ ಪರಂಪರೆ. 'ಶಿಕಾರಿ ಮಹಲು' ಎಂದು ಹೆಸರಿಡಬೇಕೆಂದಿದ್ದೇವೆ, ಅಪ್ಪಣೆಯಾಗಬೇಕು" ಎಂದರು. ನಾವು ಕೂಡಲೇ ಉತ್ತರ ಕೊಡಲಿಲ್ಲ.

ಇದು ಬೇಟೆಯ ಸೀಮೆಯೆಂಬುದು ನಿಜ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಅರಸರ ಬೇಟೆಯ ಹವ್ಯಾಸಕ್ಕೆ ಕೊಲ್ಲಾಪುರದ ಹೊಸ ಅರಮನೆಯ ವಸ್ತುಸಂಗ್ರಹಾಲಯವೇ ಸಾಕ್ಷಿ. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿಯ ಹುಲ್ಲು ತುಂಬಿದ ಮೃಗಗಳನ್ನು ನಾವು ಬೆರಗಿನಿಂದ ನೋಡಿದ್ದೆವು. ಕೃಷ್ಣೆಯ ನೀರಾವರಿಯಿಂದ ಕಬ್ಬು ಹಬ್ಬುವ ಮೊದಲು ಅಥಣಿ, ಕಾಗವಾಡಗಳ ಜೋಳದ ಹೊಲಗಳಲ್ಲಿ ಲಾವುಗೆ, ಕವುಜುಗಗಳು ಹೇರಳವಾಗಿದ್ದವು.

ಆದರೆ ಅದೇ ನೆಲದಲ್ಲಿ ಮತ್ತೊಬ್ಬ ಬೇಟೆಗಾರನಿದ್ದನು, ಅವನು ಹರಣಶಿಕಾರಿ. ಕುದುರೆಯ ಬಾಲದ ಕೂದಲಿನಿಂದ ಉರುಲು ಹೆಣೆದು, ಹಿಡಿದ ಹಕ್ಕಿಯನ್ನು ಮಾರಿ, ಕಾಳು ಕೊಳ್ಳುವುದು ಅವನ ಬಾಳುವೆ. ಸಾಹೇಬರು ವಿನೋದಕ್ಕಾಗಿ ಕೊಂದರು. ಅದು ಪರಂಪರೆಯೆನಿಸಿ ಗೋಡೆಯನ್ನೇರಿತು. ಇವನು ಹೊಟ್ಟೆಗಾಗಿ ಹಿಡಿದನು, ಅದು ಕಳಂಕವಾಯಿತು. ಇಂತಹ ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆದ ಕಾಯಿದೆ 1871ರಲ್ಲಿ ಬಂದು, 1911ರಲ್ಲಿ ವಿಸ್ತಾರಗೊಂಡು, 1952ರಲ್ಲಿ ರದ್ದಾಯಿತು. ಕಾಯಿದೆ ಅಳಿದರೂ ಸಂಶಯ ಅಳಿಯಲಿಲ್ಲ.

ಇದನ್ನು ನಾವು ಗ್ರಂಥಗಳಿಂದ ಕಲಿತದ್ದಲ್ಲ. ಪೂರ್ವಾಶ್ರಮದಲ್ಲಿ, ಹತ್ತು ವರ್ಷದವರಿದ್ದಾಗ, ನಮಗೊಬ್ಬ ಹರಣಶಿಕಾರಿ ಗೆಳೆಯನಿದ್ದನು. ಹಕ್ಕಿಗಳ ಕೂಗನ್ನು ಗುರುತಿಸುವುದನ್ನು ಕಲಿಸಿದವನು ಅವನೇ. ಒಂದು ರಾತ್ರಿ ಊರಲ್ಲಿ ಕಳವಾಯಿತು. ಬೆಳಗಾಗುತ್ತಲೇ ಅವನ ತಂದೆಯನ್ನು ಹಿಡಿದೊಯ್ದರು. ಆ ರಾತ್ರಿಯೆಲ್ಲ ಆತ ನಮ್ಮ ಮನೆಯ ಕಣವನ್ನು ಕಾಯುತ್ತಿದ್ದನೆಂದು ನಾವು ಬಲ್ಲೆವು. ಹಿರಿಯರೂ ಬಲ್ಲರು. ಯಾರೂ ಬಾಯಿ ಬಿಡಲಿಲ್ಲ, ನಾವೂ ಬಿಡಲಿಲ್ಲ. ಮರುವಾರ ಆ ಗುಡಿಸಲಿದ್ದ ಜಾಗ ಬರಿದಾಗಿತ್ತು.

ಬೇಟೆಗಾರನು ಬದಲಾಗಲಾರನೆಂಬುದು ಸುಳ್ಳು. ಆಂಗ್ಲ ಅಧಿಕಾರಿ ಎ. ಓ. ಹ್ಯೂಮ್ ಅಸಂಖ್ಯ ಹಕ್ಕಿಗಳನ್ನು ಕೊಲ್ಲಿಸಿ ಸಂಗ್ರಹಿಸಿದವನು. ಅವನು ನಡೆಸಿದ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ನಮ್ಮ ದಕ್ಖನ್ ಸೀಮೆಯ ಪಕ್ಷಿಗಳ ಪಟ್ಟಿಗಳೂ ಅಚ್ಚಾದವು. ಆತನೇ ಮುಂದೆ ಶಸ್ತ್ರವನ್ನು ಕೆಳಗಿಟ್ಟು ಶಾಕಾಹಾರಿಯಾದನು. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದನು. ಇನ್ನು ನಮ್ಮ ಪುರಾತನರಲ್ಲಿ ಬೇಡರ ಕಣ್ಣಪ್ಪನೂ ಒಬ್ಬನಲ್ಲವೇ? ಹರಿಹರನು ಅವನನ್ನು ಕುರಿತು ರಗಳೆಯನ್ನೇ ರಚಿಸಿದನು. ಶಿವನು ಒಪ್ಪಿಕೊಂಡ ಬೇಡನನ್ನು ಶಿವಭಕ್ತರು ಹೊಸ್ತಿಲ ಹೊರಗೆ ನಿಲ್ಲಿಸುವುದು ಯಾವ ಆಚಾರ?

ಆದುದರಿಂದ ಭಕ್ತರಿಗೆ ಹೀಗೆಂದೆವು: "ಬಂದೂಕನ್ನು ಇಳಿಸಿರೆಂದು ಹೇಳಲಾರೆವು, ಅದೂ ನಡೆದುಹೋದ ಸಂಗತಿಯೇ. ಪಕ್ಕದಲ್ಲಿ ಒಂದು ಉರುಲನ್ನೂ ತೂಗಹಾಕಿರಿ. ಅದು ಯಾರದೆಂದು ಬರೆಯಿರಿ. 1972ರ ಕಾಯಿದೆಯ ಮೇಲೆ ಈಗ ಎರಡೂ ಸುಮ್ಮನಿರಬೇಕಾದವು. ಪ್ರಾರಂಭದ ದಿನದ ಪಂಕ್ತಿಯಲ್ಲಿ ಹರಣಶಿಕಾರಿಗಳನ್ನೂ ಕೂರಿಸಿರಿ. ಹೆಸರನ್ನು ಆಮೇಲೆ ಯೋಚಿಸೋಣ." ಭಕ್ತರು ಕ್ಷಣಕಾಲ ತಡೆದು, ಒಪ್ಪಿದರು.

ಆ ದಿನ ಪ್ರಸಾದಕ್ಕೆ ಬಂದ ಮುದುಕನೊಬ್ಬನು ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತನು. ಹಕ್ಕಿಯ ಕಾಲಿನ ಮುಳ್ಳನ್ನು ತೋರಿಸಿ, "ಇದು ಗಂಡು, ಅಪ್ಪಾ" ಎಂದು, ಅದರ ಕೂಗನ್ನು ಕೂಗಿ ತೋರಿಸಿದನು. ಮಕ್ಕಳೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ.

ಈತ ನಮ್ಮ ಗೆಳೆಯನ ತಂದೆಯಲ್ಲ. ಅವರಿಗೆ ಸಲ್ಲಬೇಕಾದ ಮಾತನ್ನು ಇವನಿಗೆ ಸಲ್ಲಿಸಿ ಋಣಮುಕ್ತರಾಗಲು ಬರುವುದಿಲ್ಲ. ಅಂದು ಆಡಬೇಕಾಗಿದ್ದ ಸಾಕ್ಷಿಯ ಮಾತು ನಲವತ್ತೈದು ವರ್ಷ ತಡವಾಯಿತು. ಈಗ ಅದನ್ನು ಇಲ್ಲಿ ಬರೆದಿದ್ದೇವೆ.